ಚಿತ್ರಪುಸ್ತಕಕ್ಕೆ ಏಜೆಂಟ್ ಎಲ್ಲಿ ಸಿಗ್ತಾರೆ? ಗೋದಾವರಿ ಸೀಮೆಯ ಒಂದು ಹಳೇ ಲೆಕ್ಕ

ಈ ವಾರದ ಮಾತಿನ ಬರಹರೂಪ ಇದು. ವಿಡಿಯೋದಲ್ಲಿ ನಾನು ಗಡಿಬಿಡಿಯಲ್ಲಿ ಹೇಳಿದ ಇಸವಿ, ಹೆಸರುಗಳನ್ನು ಇಲ್ಲಿ ಸಾವಕಾಶವಾಗಿ ಓದಬಹುದು.

ಈ ಸಲದ ವಿಷಯ ಒಂದು ಪ್ರಶ್ನೆಯಿಂದ ಶುರುವಾಯ್ತು. "ಮಕ್ಕಳಿಗೆ ಒಂದು ಚಿತ್ರಪುಸ್ತಕದ ಕಥೆ ಬರೆದಿದ್ದೇನೆ, ಲಿಟರರಿ ಏಜೆಂಟ್ ಹಿಡಿಯೋದು ಹೇಗೆ?" ಈ ಪ್ರಶ್ನೆ ಬೇರೆ ಯಾರದೋ ಅಲ್ಲ, ನನ್ನದೇ.

ನಾನಿರೋದು ನಾಸಿಕ್‌ನಲ್ಲಿ, ಕೆಲಸ ಸಾಫ್ಟ್‌ವೇರ್. ಆರು ವರ್ಷದ ಮಗಳಿದ್ದಾಳೆ. ಮನೆಯಲ್ಲಿ ಕನ್ನಡ, ಕೆಳಗೆ ಆಟಕ್ಕೆ ಹೋದರೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಅವಳಿಗೆ ಓದಿ ಹೇಳಲಿಕ್ಕೆ ಅಂತ ನಾನೊಂದು ಪುಟ್ಟ ಕಥೆ ಬರೆದೆ. ಪೆಟ್ಟಿಗೆಯೊಳಗೆ ಹೋಗಲು ಒಪ್ಪದ ಒಂದು ದ್ರಾಕ್ಷಿ ಹಣ್ಣಿನ ಕಥೆ, ಎಲ್ಲಾ ಸೇರಿ ಸುಮಾರು 400 ಪದ. ನಮ್ಮ ಬಿಲ್ಡಿಂಗ್‌ನಲ್ಲೇ ಇರುವ ಒಬ್ಬ ಹುಡುಗಿ, ಆರ್ಟ್ ಕಾಲೇಜಿನ ಕೊನೇ ವರ್ಷದವಳು, ನಾಲ್ಕು ಚಿತ್ರ ಬರೆದುಕೊಟ್ಟಳು. ನಾನು ಇಂಟರ್ನೆಟ್ ನೋಡಿ, ಹೊರದೇಶದ ಹನ್ನೊಂದು ಏಜೆಂಟರಿಗೆ ಇಂಗ್ಲಿಷ್‌ನಲ್ಲಿ ಪತ್ರ ಕಳಿಸಿದೆ. ಇಬ್ಬರು "ಬೇಡ" ಅಂದರು, ಉಳಿದವರಿಂದ ಅದೂ ಬರಲಿಲ್ಲ.

ಆಮೇಲೆ ಒಬ್ಬ ಕನ್ನಡ ಪ್ರಕಾಶಕರು ಒಪ್ಪಿದರು. ಖುಷಿಯೋ ಖುಷಿ. ಒಂದೇ ಹಾಳೆಯ ಕರಾರುಪತ್ರ ಬಂತು. 4,000 ರೂಪಾಯಿ, ಒಂದೇ ಸಲ. ಎಲ್ಲಾ ಭಾಷೆ, ಎಲ್ಲಾ ರೂಪ, ಎಲ್ಲಾ ಕಾಲಕ್ಕೂ ಹಕ್ಕು ಅವರದು. ಲೇಖಕಿ ಮತ್ತು ಕಲಾವಿದೆಯ ಹೆಸರು "ಸಾಧ್ಯವಾದಲ್ಲಿ" ಹಾಕಲಾಗುವುದು. ನಾನು ಸಹಿ ಹಾಕಲು ಪೆನ್ ತೆಗೆದಿದ್ದೆ, ಸುಳ್ಳು ಯಾಕೆ ಹೇಳಲಿ.

ಆಗ ಹುಬ್ಬಳ್ಳಿಯಿಂದ ಅಪ್ಪ ಬಂದಿದ್ದರು. ಅವರು ಮೂವತ್ತು ವರ್ಷ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಹಾಳೆಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಕೇಳಿದರು: "ಏನವಾ ಇದು, ಹೊಲಾ ಲಾವಣಿಗೆ ಹಚ್ಚಾಕತ್ತೀಯೋ, ಖರೀದಿ ಕೊಡಾಕತ್ತೀಯೋ?"

ನನಗೆ ಉತ್ತರ ಹೊಳೆಯಲಿಲ್ಲ. ಮರುದಿನ ಶನಿವಾರ, ಮಗಳಿಗೆ ಎಲ್ಲೋರಾ ತೋರಿಸಬೇಕು ಅಂತ ಮೊದಲೇ ಗೊತ್ತಾಗಿತ್ತು. ಸಹಿ ಆಮೇಲೆ ನೋಡಿದರಾಯ್ತು ಅಂತ ಹೊರಟೆವು. ಈ ಬರಹದ ಇತಿಹಾಸದ ಭಾಗ ಅಲ್ಲಿಂದ ಶುರು.

ಕಲ್ಲಿನಲ್ಲಿ ಸಾಲು ಸಾಲು ಕಥೆ

ನಾಸಿಕ್‌ನಿಂದ ಛತ್ರಪತಿ ಸಂಭಾಜಿನಗರದ ಕಡೆ ಹೋದರೆ ಊರು ಸೇರುವ ಮೊದಲೇ ಎಲ್ಲೋರಾ ಸಿಗುತ್ತದೆ. ಅಲ್ಲಿನ 16ನೇ ಗುಹೆಯೇ ಕೈಲಾಸ ದೇವಾಲಯ. ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ್ದು, ಅಂದ್ರೆ 8ನೇ ಶತಮಾನ. ಬೆಟ್ಟವನ್ನು ಮೇಲಿನಿಂದ ಕೆಳಗೆ ಕಡಿಯುತ್ತಾ ಬಂದು ಮಾಡಿದ ಗುಡಿ ಅಂತ ಎಲ್ಲರಿಗೂ ಗೊತ್ತು. ಆದರೆ ಮೆಟ್ಟಿಲ ಹತ್ತಿರದ ಎರಡು ಗೋಡೆಗಳನ್ನು ಬಹಳ ಜನ ಹಾಗೇ ದಾಟಿಹೋಗ್ತಾರೆ. ದಕ್ಷಿಣದ ಗೋಡೆಯಲ್ಲಿ ರಾಮಾಯಣ, ಉತ್ತರದ ಗೋಡೆಯಲ್ಲಿ ಮಹಾಭಾರತ. ದೊಡ್ಡ ಒಂಟಿ ಮೂರ್ತಿಗಳಲ್ಲ, ಪುಟ್ಟ ಪುಟ್ಟ ಆಕೃತಿಗಳು, ಒಂದರ ಕೆಳಗೊಂದು ಅಡ್ಡ ಸಾಲುಗಳಲ್ಲಿ. ನನ್ನ ಮಗಳು ಅದನ್ನು ಶಿಲ್ಪ ಅಂತ ನೋಡಲೇ ಇಲ್ಲ. ಬೆರಳಿಟ್ಟುಕೊಂಡು "ಅಜ್ಜಾ, ಇವ ಯಾರು? ಆಮೇಲೆ ಏನಾತು?" ಅಂತ ಸಾಲು ಸಾಲಾಗಿ ಓದಿಸಿಕೊಂಡಳು. ಚಿತ್ರಪುಸ್ತಕ ಅಂದ್ರೆ ಮತ್ತೇನು ಹೇಳಿ?

ಇದನ್ನು ಮಾಡಿದವರು ಯಾರು? ಹೆಸರಿಲ್ಲ. ಇಲ್ಲಿ ಒಂದು ವಿಚಿತ್ರ ಸಂಗತಿ ಇದೆ. ಗುಜರಾತ್ ಶಾಖೆಯ ರಾಷ್ಟ್ರಕೂಟ ಅರಸ ಕರ್ಕನ ವಡೋದರಾ ತಾಮ್ರಶಾಸನ 812ರದ್ದು. ಎಲಾಪುರದ ಬೆಟ್ಟದಲ್ಲಿ ಕೃಷ್ಣರಾಜ ಕಟ್ಟಿಸಿದ ಒಂದು ಅದ್ಭುತ ಗುಡಿಯ ವರ್ಣನೆ ಅದರಲ್ಲಿದೆ. ವಿದ್ವಾಂಸರು ಅದು ಕೈಲಾಸವೇ ಅಂತ ಓದುತ್ತಾರೆ. ಅದನ್ನು ಮಾಡಿದ ಶಿಲ್ಪಿಯೇ ಮುಗಿದ ಮೇಲೆ ನೋಡಿ, ಇದನ್ನು ನಾನು ಹೇಗಾದರೂ ಮಾಡಿದೆನೋ ಎಂದು ಬೆರಗಾದ ಅನ್ನುವ ಅರ್ಥದ ಮಾತು ಅಲ್ಲಿ ಬರುತ್ತದೆ. ಶಿಲ್ಪಿಯ ಬೆರಗು ತಾಮ್ರದ ಮೇಲೆ ಬಂತು, ಅವನ ಹೆಸರು ಮಾತ್ರ ಬರಲಿಲ್ಲ!

"ಆ ಕಾಲದಲ್ಲಿ ಹಾಗೇನೇ, ಹೆಸರಿನ ಆಸೆ ಇರಲಿಲ್ಲ" ಅಂತ ನಾವು ಸುಲಭವಾಗಿ ಹೇಳಿಬಿಡ್ತೇವೆ. ಹಾಗೇನೂ ಇಲ್ಲ. ಕೈಲಾಸಕ್ಕೆ ಮಾದರಿ ಅಂತ ಹೇಳುವ ಗುಡಿ ನಮ್ಮ ಪಟ್ಟದಕಲ್ಲಿನ ವಿರೂಪಾಕ್ಷ. ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಅದೇ 8ನೇ ಶತಮಾನದಲ್ಲಿ ಕಟ್ಟಿಸಿದ್ದು. ಅಲ್ಲಿನ ಶಾಸನಗಳಲ್ಲಿ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರಿದೆ, ಅವನಿಗೆ ತ್ರಿಭುವನಾಚಾರಿ ಅನ್ನುವ ಬಿರುದು ಕೊಟ್ಟ ಉಲ್ಲೇಖ ಇದೆ. ಸರ್ವಸಿದ್ಧಿ ಆಚಾರಿಯ ಹೆಸರೂ ಇದೆ. ಒಂದೇ ಶತಮಾನ, ಒಂದೇ ಮಾದರಿಯ ಗುಡಿ. ಒಂದು ಕಡೆ ಬರೆಸಿದರು, ಹೆಸರು ಉಳಿಯಿತು. ಇನ್ನೊಂದು ಕಡೆ ಬರೆಸಲಿಲ್ಲ, ಹೋಯಿತು. ಸ್ಮಾರಕ ಎಷ್ಟು ದೊಡ್ಡದು ಅನ್ನುವುದಕ್ಕೂ ಹೆಸರು ಉಳಿಯುವುದಕ್ಕೂ ಸಂಬಂಧವೇ ಇಲ್ಲ. ಕೆಲಸ ನಡೆಯುವ ಹೊತ್ತಿನಲ್ಲಿ ಅದನ್ನು ಬರೆದಿಡುವವರು ಇರಬೇಕು ಅಷ್ಟೇ.

ಇದನ್ನು ಕೇಳಿದಾಗ ನನಗೆ ಜೇಬಿನೊಳಗಿನ "ಸಾಧ್ಯವಾದಲ್ಲಿ" ಅನ್ನುವ ಪದ ನೆನಪಾಯ್ತು.

ಚಿತ್ರ ಹಿಡಿದು ಕಥೆ ಹೇಳಿದವರು

ಎಲ್ಲೋರಾದಿಂದ ಸಂಭಾಜಿನಗರ ದಾಟಿ ದಕ್ಷಿಣಕ್ಕೆ ಹೋದರೆ ಪೈಠಣ ಬರುತ್ತದೆ, ಹಳೇ ಪ್ರತಿಷ್ಠಾನ, ಸಾತವಾಹನರ ರಾಜಧಾನಿ. ನಾಸಿಕ್ ಜಿಲ್ಲೆಯ ತ್ರ್ಯಂಬಕೇಶ್ವರದಲ್ಲಿ ಹುಟ್ಟುವ ಗೋದಾವರಿ ಪೈಠಣದ ಪಕ್ಕದಲ್ಲೇ ಹರಿಯುತ್ತದೆ. ಕವಿರಾಜಮಾರ್ಗ ಕನ್ನಡ ನಾಡಿನ ಎಲ್ಲೆ ಹೇಳುವಾಗ ಕಾವೇರಿಯಿಂದ ಹಿಡಿದು ಇದೇ ಗೋದಾವರಿವರೆಗೆ ಎಳೆಯುತ್ತದೆ. ಅಪ್ಪ ಗಾಡಿಯಲ್ಲಿ ಕೂತು ಇದನ್ನೇ ಹೇಳಿ ಮೀಸೆ ತಿರುವಿದರು. ನಾನು ಅದನ್ನು ಹೇಳುವುದು ಗಡಿ ಜಗಳಕ್ಕಲ್ಲ. ಈ ಸೀಮೆಯಲ್ಲಿ ಕಥೆಗಳೂ ಕಥೆಗಾರರೂ ಎರಡೂ ಕಡೆ ಓಡಾಡಿಕೊಂಡಿದ್ದರು ಅನ್ನೋದಕ್ಕೆ.

ಪೈಠಣ ಅಂದ ಕೂಡಲೇ ಸೀರೆ ನೆನಪಾಗುತ್ತೆ. ಆದರೆ "ಪೈಠಣ ಚಿತ್ರ" ಅಂತಲೂ ಒಂದು ಶೈಲಿ ಇದೆ. ಚಿತ್ರಕಥಿ ಅನ್ನುವ ಕಥೆಗಾರರು ಬಳಸುತ್ತಿದ್ದ ಕಾಗದದ ಚಿತ್ರಗಳು ಅವು. ಕಣ್ಣು ದೊಡ್ಡದು, ಗೆರೆ ದಪ್ಪ, ಬಣ್ಣ ಗಾಢ. ಒಂದು ಕಥೆಗೆ ಒಂದು ಕಟ್ಟು ಹಾಳೆ. ಕಥೆಗಾರ ಒಂದೊಂದೇ ಹಾಳೆ ಎತ್ತಿ ತೋರಿಸುತ್ತಾ ಹಾಡಿ ಹೇಳುತ್ತಿದ್ದ. ಪುಣೆಯ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯದಲ್ಲಿ ಈ ಬಗೆಯ ಚಿತ್ರಗಳಿವೆ.

ಈ ಕಸುಬು ಎಷ್ಟು ಹಳೇದು ಗೊತ್ತಾ? ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ, ಅಂದ್ರೆ ಇಂದಿನ ಬಸವಕಲ್ಯಾಣದಿಂದ 1126ರಿಂದ 1138ರವರೆಗೆ ಆಳಿದ ಅರಸ, ಸಂಸ್ಕೃತದಲ್ಲಿ ಮಾನಸೋಲ್ಲಾಸ ಎಂಬ ದೊಡ್ಡ ಕೋಶವನ್ನೇ ಬರೆದ. ಅದರಲ್ಲಿ ಅಡುಗೆಯಿಂದ ಆನೆ ಸಾಕುವವರೆಗೆ ಎಲ್ಲಾ ಇದೆ. ಚಿತ್ರಗಳ ಜೊತೆ ಕಥೆ ಹೇಳುವ "ಚಿತ್ರಕಥಕ"ನ ಹೆಸರೂ ಇದೆ. ಸುಮಾರು 900 ವರ್ಷದ ಹಿಂದೆಯೇ ಕನ್ನಡ ನೆಲದ ಅರಸನೊಬ್ಬ ಅದಕ್ಕೊಂದು ಕಸುಬಿನ ಹೆಸರು ಕೊಟ್ಟು ಬರೆದಿಟ್ಟಿದ್ದಾನೆ.

ನಮ್ಮ ಉತ್ತರ ಕರ್ನಾಟಕದ ತೊಗಲುಗೊಂಬೆ ಆಟದ ಕಿಳ್ಳೇಕ್ಯಾತರೂ ಮನೆಯಲ್ಲಿ ಮರಾಠಿಯ ಒಂದು ಬಗೆ ಮಾತಾಡಿ, ಆಟ ಮಾತ್ರ ಕನ್ನಡದಲ್ಲಿ ಆಡುವವರು. ಕೊಪ್ಪಳ ಜಿಲ್ಲೆ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಕೊಂಕಣದ ಪಿಂಗುಳಿಯಲ್ಲಿ ಚಿತ್ರಕಥಿ ಪರಂಪರೆ ಉಳಿಸಿದ ಪರಶುರಾಮ ಗಂಗಾವಣೆ ಅವರಿಗೆ 2021ರಲ್ಲಿ ಬಂತು.

ಈಗ ನಮ್ಮ ಪ್ರಶ್ನೆಗೆ ಬನ್ನಿ. ಚಿತ್ರಕಥಿಗೆ ಏಜೆಂಟ್ ಬೇಕಿತ್ತಾ? ಬೇಕಿರಲಿಲ್ಲ. ಕಥೆ ಅವನದು, ಹಾಳೆಗಳ ಕಟ್ಟು ಅವನ ಹೆಗಲ ಮೇಲೆ, ಜನ ಎದುರಿಗೇ ಕೂತಿದ್ದಾರೆ, ಜೋಳವೋ ದುಡ್ಡೋ ನೇರ ಅವನ ಜೋಳಿಗೆಗೆ. ನಡುವೆ ಯಾರೂ ಇಲ್ಲ. ಆದರೆ ಆ ಹಾಳೆಗಳಲ್ಲಿ ಕಥೆಯ ಪಾತ್ರಗಳನ್ನು ಗುರುತಿಸುವಷ್ಟು ಸುಲಭವಾಗಿ, ಅವನ್ನು ಬರೆದ ಕೈ ಯಾರದು ಅಂತ ಇವತ್ತು ಹೇಳಲು ಆಗುವುದಿಲ್ಲ.

ಮುದ್ರಣ ಬಂತು, ಪಾಲುದಾರರು ಬಂದರು

ಅಚ್ಚಿನ ಯಂತ್ರ ಬಂದ ಮೇಲೆ ಈ ಒಬ್ಬನೇ ಮನುಷ್ಯ ನಾಲ್ಕು ಜನ ಆದ. ಬರೆಯುವವ, ಚಿತ್ರ ಮಾಡುವವ, ಅಚ್ಚು ಹಾಕುವವ, ಮಾರುವವ. ನಾಲ್ಕು ಜನ ಆದ ಕೂಡಲೇ ಜಗಳವೂ ಬಂತು.

ಇದಕ್ಕೆ ನಾಸಿಕ್‌ನಲ್ಲೇ ಒಳ್ಳೇ ಉದಾಹರಣೆ ಇದೆ. ದಾದಾಸಾಹೇಬ್ ಫಾಲ್ಕೆ 1870ರಲ್ಲಿ ತ್ರ್ಯಂಬಕೇಶ್ವರದಲ್ಲಿ ಹುಟ್ಟಿದವರು. ಸಿನಿಮಾಕ್ಕಿಂತ ಮೊದಲು ಅವರದು ಚಿತ್ರ ಮುದ್ರಣದ ಕಸುಬು. ರಾಜಾ ರವಿವರ್ಮ ಶುರು ಮಾಡಿದ ಲೋಣಾವಳದ ಹತ್ತಿರದ ಮುದ್ರಣಾಲಯಕ್ಕೆ ಕೆಲಸ ಮಾಡಿದರು, ಆಮೇಲೆ ಸ್ವಂತ ಮುದ್ರಣ ವ್ಯವಹಾರ, ಪಾಲುದಾರರ ಜೊತೆ ಮನಸ್ತಾಪ, ಹೊರಬಂದರು. 1913ರಲ್ಲಿ "ರಾಜಾ ಹರಿಶ್ಚಂದ್ರ" ಮಾಡುವಾಗ ಪತ್ನಿ ಸರಸ್ವತಿಬಾಯಿಯವರ ಒಡವೆಯೂ ಹೋಯಿತು. 1918ರಲ್ಲಿ ಹಣವಂತರ ಜೊತೆ ಸೇರಿ ನಾಸಿಕ್‌ನಲ್ಲಿ ಹಿಂದುಸ್ತಾನ್ ಫಿಲ್ಮ್ ಕಂಪನಿ ಕಟ್ಟಿದರು. ಅಲ್ಲೂ ಒಡಕು. ಬಿಟ್ಟು ಕಾಶಿಗೆ ಹೋಗಿ ಕೂತು "ರಂಗಭೂಮಿ" ಅನ್ನುವ ನಾಟಕ ಬರೆದರು, ಕೆಲವು ವರ್ಷದ ಮೇಲೆ ಮತ್ತೆ ಅದೇ ಕಂಪನಿಗೆ ಬಂದರು. 1944ರಲ್ಲಿ ನಾಸಿಕ್‌ನಲ್ಲೇ ತೀರಿಕೊಂಡರು. ಕಲೆ ಗೊತ್ತಿತ್ತು, ಯಂತ್ರ ಗೊತ್ತಿತ್ತು. ಅವರ ಪರವಾಗಿ ಕೂತು ಕರಾರು ಮಾತಾಡುವ ಒಬ್ಬ ಮನುಷ್ಯ ಇದ್ದಿದ್ದರೆ ಹೇಗಿರುತ್ತಿತ್ತೋ ಅಂತ ನನಗೆ ಅನ್ನಿಸುತ್ತದೆ.

ಅಂಥ ಮನುಷ್ಯ ಅಷ್ಟು ಹೊತ್ತಿಗೆ ಲಂಡನ್‌ನಲ್ಲಿ ಹುಟ್ಟಿಯಾಗಿತ್ತು. ಎ. ಪಿ. ವಾಟ್ ಎಂಬ ಸ್ಕಾಟ್ಲೆಂಡ್‌ನವರು 1875ರ ಸುಮಾರಿಗೆ ಈ ಕೆಲಸ ಶುರು ಮಾಡಿದರು. ಲೇಖಕನ ಪರ ಮಾತಾಡಿ ಬಂದ ಹಣದಲ್ಲಿ ನೂರಕ್ಕೆ ಹತ್ತು ತಾನು ಇಟ್ಟುಕೊಳ್ಳುವುದು. ಮುಂಬೈಯಲ್ಲಿ ಹುಟ್ಟಿದ ಕಿಪ್ಲಿಂಗ್ ಕೂಡ ಅವರ ಕಕ್ಷಿದಾರ. ಅಲ್ಲೇ ಯಾಕೆ, ಆಗಲೇ ಯಾಕೆ? ಯಾಕಂದ್ರೆ ಒಂದು ಕಥೆಗೆ ಆಗ ಅಲ್ಲಿ ಹಲವು ಹಕ್ಕು ಹುಟ್ಟಿಕೊಂಡಿದ್ದವು. ಪತ್ರಿಕೆಯಲ್ಲಿ ಧಾರಾವಾಹಿ, ಆಮೇಲೆ ಪುಸ್ತಕ, ವಸಾಹತುಗಳಿಗೆ ಬೇರೆ ಮುದ್ರಣ. 1891ರಲ್ಲಿ ಅಮೆರಿಕವೂ ಕಾನೂನು ಮಾಡಿ ಹೊರದೇಶದ ಲೇಖಕರಿಗೆ ಹಕ್ಕುಸ್ವಾಮ್ಯ ಕೊಟ್ಟಿತು. ಒಂದೇ ಹೊಲದಲ್ಲಿ ನಾಲ್ಕು ಬೆಳೆ ಬಂದರೆ ಲೆಕ್ಕ ಇಡಲು ಒಬ್ಬ ಬೇಕಲ್ಲ. ಇವತ್ತು ಅಲ್ಲಿ ಆ ಪಾಲು ಸಾಮಾನ್ಯವಾಗಿ ನೂರಕ್ಕೆ 15.

ಕನ್ನಡದಲ್ಲಿ ಯಾಕೆ ಹುಟ್ಟಲಿಲ್ಲ

ನಮ್ಮಲ್ಲಿ ಒಂದು ಭಾಷೆ, ಒಂದು ಮುದ್ರಣ, ಒಂದೇ ಮಾರುಕಟ್ಟೆ. ಹಾಗಾಗಿ ಲೇಖಕರೇ ಎಲ್ಲಾ ಆದರು. ಹಾವೇರಿ ಕಡೆಯ ಗಳಗನಾಥರು, ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಶಿವರಾಮ ಕಾರಂತರು ಮಕ್ಕಳಿಗಾಗಿ "ಬಾಲ ಪ್ರಪಂಚ" ಮಾಡಿದರು, ಪುತ್ತೂರಿನಲ್ಲಿ ತಾವೇ ಮುದ್ರಣಾಲಯ ಇಟ್ಟರು.

ಚಿತ್ರಕಥೆಯ ವಿಷಯಕ್ಕೆ ಬಂದರೆ ಇನ್ನೊಂದು ಹೆಸರಿದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. ಅಮರ ಚಿತ್ರಕಥೆ ಅಂದ್ರೆ 1967, ಅನಂತ ಪೈ, ಕಾರ್ಕಳದವರು, ಇಷ್ಟು ಎಲ್ಲರ ಬಾಯಲ್ಲಿದೆ. ಆದರೆ ಆ ಸರಣಿಯ ಮೊದಲ ಹತ್ತು ಪುಸ್ತಕ 1965ರಲ್ಲಿ ಬೆಂಗಳೂರಿನಿಂದ, ಕನ್ನಡದಲ್ಲಿ ಬಂದವು. ಪಾಶ್ಚಾತ್ಯ ಕಥೆಗಳ ಕನ್ನಡ ರೂಪ ಅವು. ಅದಕ್ಕೆ ಓಡಾಡಿದವರು ಪುಸ್ತಕ ಮಾರಾಟದಲ್ಲಿದ್ದ ಜಿ. ಕೆ. ಅನಂತರಾಮ್. ಇಂಗ್ಲಿಷ್‌ನ "ಕೃಷ್ಣ" ಬಂದಿದ್ದು 11ನೇ ಸಂಖ್ಯೆಯಾಗಿ, ಯಾಕಂದ್ರೆ ಹತ್ತು ಕನ್ನಡದ್ದು ಮೊದಲೇ ಆಗಿತ್ತು. ಕನ್ನಡದ ಮಗು ಏನು ಓದುತ್ತೆ ಅಂತ ಬಲ್ಲ ಒಬ್ಬ ಮಾರಾಟಗಾರ ಮುಂಬೈ ಕಂಪನಿಯ ಮನಸ್ಸು ಒಲಿಸಿದರು. ನನ್ನ ಪ್ರಕಾರ ಅದೂ ಏಜೆಂಟ್ ಕೆಲಸವೇ. ಅವರ ಹೆಸರೂ ಹಿಂದೆ ಬಿತ್ತು ನೋಡಿ.

ಈಗಿನ ಲೆಕ್ಕ ಹಾಕೋಣ, ನಾನು ಎಂಜಿನಿಯರ್, ಲೆಕ್ಕ ಇಲ್ಲದೆ ನಿದ್ದೆ ಬರಲ್ಲ. 100 ರೂಪಾಯಿಯ ಚಿತ್ರಪುಸ್ತಕ, 1,000 ಪ್ರತಿ ಪೂರಾ ಮಾರಾಟ ಆಯ್ತು ಅಂತ ಇಟ್ಟುಕೊಳ್ಳಿ. ನೂರಕ್ಕೆ ಹತ್ತು ಗೌರವಧನ ಅಂದ್ರೆ 10,000. ಚಿತ್ರಕಾರರ ಜೊತೆ ಅರ್ಧ ಹಂಚಿದರೆ ನನಗೆ 5,000. ಅದರಲ್ಲಿ ಏಜೆಂಟರ 15 ಪಾಲು ಅಂದ್ರೆ 750 ರೂಪಾಯಿ. ಅದಕ್ಕಾಗಿ ಯಾರು ತಿಂಗಳಾನುಗಟ್ಟಲೆ ಓಡಾಡ್ತಾರೆ? ಭಾರತದಲ್ಲಿ ಏಜೆನ್ಸಿಗಳು ಇಲ್ಲ ಅಂತಲ್ಲ. ಜಕರಾಂಡ ಅನ್ನುವ ಏಜೆನ್ಸಿ 1997ರಲ್ಲಿ ನಮ್ಮ ಬೆಂಗಳೂರಿನಲ್ಲೇ ಶುರುವಾಯ್ತು. ಆದರೆ ಈ ವ್ಯವಹಾರ ನಡೆಯುವುದು ಬಹುಪಾಲು ಇಂಗ್ಲಿಷ್‌ನಲ್ಲಿ, ದೊಡ್ಡವರ ಪುಸ್ತಕಗಳಲ್ಲಿ.

ಚಿತ್ರಪುಸ್ತಕಕ್ಕೆ ನಮ್ಮಲ್ಲಿ ಬಾಗಿಲು ಬೇರೆ. 1957ರಲ್ಲಿ ಶುರುವಾದ ನ್ಯಾಷನಲ್ ಬುಕ್ ಟ್ರಸ್ಟ್, ಕನ್ನಡ ಸೇರಿ ಹಲವು ಭಾಷೆಯಲ್ಲಿ ಚಿತ್ರಪುಸ್ತಕ ತರುವ ಚೆನ್ನೈನ ತೂಲಿಕಾ, 2004ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್. ಇಂಥ ಕಡೆ ಲೇಖಕರು ಮಧ್ಯವರ್ತಿ ಇಲ್ಲದೆ ಸಂಪಾದಕರಿಗೇ ಬರೆಯಬಹುದು, ಯಾವಾಗ ತೆಗೆದುಕೊಳ್ಳುತ್ತಾರೆ ಅಂತ ಮೊದಲು ವಿಚಾರಿಸಬೇಕು ಅಷ್ಟೇ. ಚಿತ್ರ ಮಾಡಿಸಿಯೇ ಕಳಿಸಬೇಕು ಅಂತಿಲ್ಲ, ಚಿತ್ರಕಾರರನ್ನು ಹುಡುಕುವುದು ಸಾಮಾನ್ಯವಾಗಿ ಪ್ರಕಾಶಕರ ಕೆಲಸ. ಪ್ರಥಮ್‌ನ ಸ್ಟೋರಿವೀವರ್ 2015ರಲ್ಲಿ ಬಂತು. ಅಲ್ಲಿನ ಮುಕ್ತ ಪರವಾನಗಿಯಲ್ಲಿ ಯಾರು ಬೇಕಾದರೂ ಕಥೆ ಬಳಸಬಹುದು, ಅನುವಾದ ಮಾಡಬಹುದು. ಆದರೆ ಬರೆದವರ, ಚಿತ್ರ ಮಾಡಿದವರ ಹೆಸರು ಹೇಳಲೇಬೇಕು. ದುಡ್ಡಿನ ಹಕ್ಕು ಬಿಟ್ಟುಕೊಟ್ಟರೂ ಹೆಸರು ಬಿಡುವುದಿಲ್ಲ.

ಲಾವಣಿಯೋ ಖರೀದಿಯೋ

ರಾತ್ರಿ ನಾಸಿಕ್‌ಗೆ ವಾಪಸ್ ಬಂದು, 1957ರ ಹಕ್ಕುಸ್ವಾಮ್ಯ ಕಾಯ್ದೆ ತೆಗೆದು ನಾನೂ ಅಪ್ಪನೂ ಕೂತೆವು. 19ನೇ ಕಲಂ ನಮ್ಮಂಥವರಿಗಾಗಿಯೇ ಇದೆ. ಹಕ್ಕು ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಯಾವ ಹಕ್ಕು, ಎಷ್ಟು ಕಾಲ, ಎಲ್ಲೆಲ್ಲಿಗೆ ಅಂತ ಬರೆಯಬೇಕು. ಕಾಲ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತ ಅಂತ ಲೆಕ್ಕ. ಹಕ್ಕು ತಗೊಂಡವರು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಮಾತಾಗಿರದಿದ್ದರೆ, ಅದು ಬಿದ್ದುಹೋಗುತ್ತೆ. ಅಂದ್ರೆ ಸುಮ್ಮನಿದ್ದರೆ ಕಾನೂನು ನಮ್ಮ ಪರ. ನಾವೇ "ಎಲ್ಲಾ ಕಾಲಕ್ಕೂ" ಅಂತ ಬರೆದ ಹಾಳೆಗೆ ಸಹಿ ಹಾಕಿದಾಗ ಅದು ನಮ್ಮ ಕೈ ಬಿಡುತ್ತೆ. ಇನ್ನು 57ನೇ ಕಲಂ. ಹಕ್ಕು ಪೂರಾ ಮಾರಿದ ಮೇಲೂ "ಇದು ನನ್ನ ಕೃತಿ" ಅಂತ ಹೇಳಿಕೊಳ್ಳುವ ಹಕ್ಕು ಲೇಖಕರಲ್ಲೇ ಉಳಿಯುತ್ತದೆ.

ಅಪ್ಪ ಅಂದರು: "ನೋಡು, ಲಾವಣಿ ಅಂದ್ರ ಹೊಲ ನಿಂದು, ಬೆಳಿ ಇಷ್ಟು ವರ್ಷ ಅವರದು. ಖರೀದಿ ಅಂದ್ರ ಮುಗೀತು. ನೀ ಲಾವಣಿ ಪತ್ರ ಕೇಳು."

ಕೇಳಿದೆ. ಮೂರು ಬದಲಾವಣೆ. ಕನ್ನಡ ಪುಸ್ತಕಕ್ಕೆ ಮಾತ್ರ, ಐದು ವರ್ಷಕ್ಕೆ. ನನ್ನ ಹೆಸರು ಮುಖಪುಟದ ಮೇಲೆ. ಚಿತ್ರ ಬರೆದ ಹುಡುಗಿಯ ಹೆಸರೂ ಮುಖಪುಟದ ಮೇಲೆ, ಅದೇ ಅಳತೆಯಲ್ಲಿ. ಹದಿನೈದು ದಿನಕ್ಕೆ ಉತ್ತರ ಬಂತು. ಮೊದಲ ಎರಡಕ್ಕೆ ಒಪ್ಪಿದರು. ಮೂರನೆಯದಕ್ಕೆ "ಚಿತ್ರ ಮಾಡಿದವರ ಹೆಸರು ನಮ್ಮಲ್ಲಿ ಮುಖಪುಟಕ್ಕೆ ಹಾಕುವ ಪದ್ಧತಿ ಇಲ್ಲ" ಅಂದರು.

ನಾನು ಆ ಹುಡುಗಿಯನ್ನೇ ಕೇಳಿದೆ. "ದೀದಿ, ನಿಮ್ಮ ಪುಸ್ತಕ ಬರಲಿ, ನನಗೇನೂ ಇಲ್ಲ" ಅಂದಳು. ಅವಳು ಹಾಗೆ ಅಂದಳು ಅಂತಲೇ ನನ್ನಿಂದ ಸಹಿ ಹಾಕಲಾಗಲಿಲ್ಲ. ಪುಸ್ತಕ ಇನ್ನೂ ಬಂದಿಲ್ಲ. ಈಗ ಬೇರೆ ಇಬ್ಬರು ಸಂಪಾದಕರಿಗೆ ಕಳಿಸಿದ್ದೇನೆ, ಒಬ್ಬರು ಓದುತ್ತಿದ್ದೇನೆ ಅಂದಿದ್ದಾರೆ. ಮಗಳು ವಾರಕ್ಕೊಮ್ಮೆ "ದ್ರಾಕ್ಷಿ ಪುಸ್ತಕ ಯಾವಾಗ ಬರುತ್ತೆ?" ಅಂತ ಕೇಳ್ತಾಳೆ, ನನ್ನ ಹತ್ತಿರ ತಾರೀಖು ಇಲ್ಲ.

ಹಾಗಾಗಿ ಹೊಸದಾಗಿ ಚಿತ್ರಪುಸ್ತಕ ಬರೆಯುವ ನಿಮಗೆ ನಾನು ಹೇಳೋದಿಷ್ಟು. ಕನ್ನಡದಲ್ಲಿ ಏಜೆಂಟರನ್ನು ಹುಡುಕುತ್ತಾ ವರ್ಷ ಕಳೆಯಬೇಡಿ. ಏಜೆಂಟ್ ಮಾಡುವ ಕೆಲಸ ಯಾವುದು ಅಂತ ತಿಳಿದುಕೊಳ್ಳಿ: ಸರಿಯಾದ ಸಂಪಾದಕರನ್ನು ಹುಡುಕುವುದು, ಹಕ್ಕನ್ನು ಬಿಡಿಬಿಡಿಯಾಗಿ ಬರೆಸುವುದು, ಹೆಸರು ಉಳಿಸುವುದು. ಅಷ್ಟನ್ನು ನೀವೇ ಮಾಡಿ, ನಿಮ್ಮ ಜೊತೆ ಚಿತ್ರ ಬರೆದವರಿಗೂ ಮಾಡಿ. ಸಹಿ ಹಾಕುವ ಮೊದಲು ಮನೆಯಲ್ಲಿ ಖರೀದಿ ಪತ್ರ ಓದಲು ಬರುವ ಹಿರಿಯರಿಗೆ ಒಂದು ಸಲ ತೋರಿಸಿ.